ಕೊಳದ ಬಾಸ್ ಮೀನು ಮುಖ ತಿರುಗಿಸಿದರೆ ಮೊದಲು ಗಾಳದ ರೀಲು ನೋಡಿ

ಪ್ರಶ್ನೆ: ನಾನು ಗಾಳ ಹಾಕುವ ಕೊಳ ಒಂದೆಕರೆಗಿಂತ ಚಿಕ್ಕದು. ತೀರಾ ಆಳದ ಕಡೆ ಎಂಟೊಂಬತ್ತು ಅಡಿ ನೀರಿರಬಹುದು. ಒಂದು ಬದಿ ಪೂರ್ತಿ ಜೊಂಡು ಮತ್ತು ಪಾಚಿ, ಇನ್ನೊಂದು ಬದಿಯಲ್ಲಿ ನೀರಿಗೆ ಉರುಳಿದ ಮರವಿದೆ. ವಸಂತದಲ್ಲಿ ಸ್ಪಿನ್ನರ್‌ಬೇಟ್, ಅಂದರೆ ತಿರುಗುವ ಬಿಲ್ಲೆಯಿರುವ ಲ್ಯೂರು (ಕೃತಕ ಎರೆ), ಎಸೆದರೆ ಸಾಕು, ಲಾರ್ಜ್‌ಮೌತ್ ಬಾಸ್ ಮೀನು ಬೀಳುತ್ತಿದ್ದವು. ಈಗ ಬೇಸಿಗೆಯಲ್ಲಿ ಅವೇ ಮೀನು ಲ್ಯೂರಿನ ಹಿಂದೆಯೇ ಬಂದು ದಡದ ಹತ್ತಿರ ತಿರುಗಿ ಹೋಗುತ್ತವೆ. ಬಣ್ಣ ಬದಲಿಸಿದೆ, ಡಬ್ಬಿ ತುಂಬಿತೇ ಹೊರತು ಮೀನು ಬೀಳಲಿಲ್ಲ. ಇದರ ಜೊತೆ ಸ್ಪಿನ್ನಿಂಗ್ ರೀಲು ಗರಗರ ಅನ್ನುತ್ತಿದೆ, ಲೈನ್ ಸುರುಳಿಗಟ್ಟಿ ಗಂಟು ಬೀಳುತ್ತಿದೆ. ಮನೆಯಲ್ಲಿದ್ದ ತುಕ್ಕು ಬಿಡಿಸುವ ಸ್ಪ್ರೇ ಒಳಗೆಲ್ಲ ಹೊಡೆದೆ. ಎರಡು ದಿನ ನುಣ್ಣಗೆ ತಿರುಗಿತು, ಆಮೇಲೆ ಹ್ಯಾಂಡಲ್ ಹಿಂದಕ್ಕೂ ತಿರುಗಲು ಶುರುವಾಯಿತು. ಯಾವ ಬಣ್ಣದ ಲ್ಯೂರ್ ಕೊಳ್ಳಲಿ? ಈ ರೀಲು ಬಿಟ್ಟು ಬೇಟ್‌ಕಾಸ್ಟರ್ ಎಂಬ ಇನ್ನೊಂದು ಬಗೆಯ ರೀಲಿಗೆ ಹೋಗಲೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ, ಮೀನಿನ ಮೇಲೊಂದು, ರೀಲಿನ ಮೇಲೊಂದು. ನನಗೆ ಕಾಣುವಂತೆ ಎರಡನೆಯದು ಸರಿಹೋಗದೆ ಮೊದಲನೆಯದು ಸರಿಹೋಗುವುದಿಲ್ಲ. ಹಿಂದೆಯೇ ಬಂದು ವಾಪಸ್ ಹೋಗುವ ಬಾಸ್‌ಗೆ ತೋರಿಸಬೇಕಾದದ್ದು ಹಗುರವಾದ, ನಿಧಾನಕ್ಕೆ ಮುಳುಗುವ ಲ್ಯೂರು. ಅದನ್ನು ಎಸೆಯಲು ತೆಳ್ಳಗಿನ, ನೇರವಾದ ಲೈನ್ ಬೇಕು. ನಿಮ್ಮ ಸ್ಪೂಲಿನಿಂದ (ರೀಲಿನಲ್ಲಿ ಲೈನ್ ಸುತ್ತಿರುವ ಭಾಗ) ಬರುತ್ತಿರುವ ಸುರುಳಿ ಲೈನಿನಲ್ಲಿ ಮೂರು ಗ್ರಾಂ ತೂಕದ ಲ್ಯೂರ್ ಹತ್ತು ಮಾರು ದೂರವೂ ಹೋಗಲಾರದು. ಹಾಗಾಗಿಯೇ ನೀವು ಭಾರದ ಸ್ಪಿನ್ನರ್‌ಬೇಟನ್ನು ಬಿಟ್ಟಿಲ್ಲ ಅಂತ ನನ್ನ ಊಹೆ. ರಿಪೇರಿಗೆ ನನ್ನ ಮೇಜಿಗೆ ಬರುವ ರೀಲುಗಳಲ್ಲಿ ಈ ಕಥೆ ಮತ್ತೆ ಮತ್ತೆ ಸಿಗುತ್ತದೆ.

ಬಣ್ಣದ ವಿಚಾರ ಮೊದಲು ಮುಗಿಸಿಬಿಡೋಣ. ಲಾರ್ಜ್‌ಮೌತ್ ಬಾಸ್ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆ, ಹಸಿರಿಗೊಂದು, ಕೆಂಪಿಗೊಂದು. ನಮಗೆ ಮೂರು ಬಗೆ ಇವೆ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಈ ಮೀನುಗಳಿಗೆ ಬಣ್ಣ ಗುರುತಿಸುವ ತರಬೇತಿ ಕೊಟ್ಟು ನೋಡಿದ್ದಾರೆ. ಕೆಂಪು, ಹಸಿರು ಅವಕ್ಕೆ ಚೆನ್ನಾಗಿ ತಿಳಿದವು. ಕಪ್ಪಿಗೂ ಕಡು ನೀಲಿಗೂ, ಬಿಳಿಗೂ ಹೊಳೆಯುವ ಹಳದಿಹಸಿರಿಗೂ ವ್ಯತ್ಯಾಸ ಮಾಡಲು ಅವು ತಡಬಡಾಯಿಸಿದವು. ಅಂದರೆ ನಿಮ್ಮ ಡಬ್ಬಿಯಲ್ಲಿರುವ ಕಪ್ಪು ಲ್ಯೂರೂ ಕಡುನೀಲಿ ಲ್ಯೂರೂ ಮೀನಿನ ಮಟ್ಟಿಗೆ ಒಂದೇ ಲ್ಯೂರು. ಬಣ್ಣ ಲೆಕ್ಕಕ್ಕೇ ಇಲ್ಲ ಅಂತಲ್ಲ. ತಿಳಿನೀರಿಗೆ ಹಸಿರು ಕಂದು ಮಿಶ್ರಿತ ಸಹಜ ಬಣ್ಣ, ಕದಡಿದ ನೀರಿಗೆ ಮತ್ತು ಕತ್ತಲಿಗೆ ಕಪ್ಪಿನಂಥ ಗಾಢ ಬಣ್ಣ, ಈ ಎರಡಿದ್ದರೆ ಸಣ್ಣ ಕೊಳಕ್ಕೆ ಸಾಕು. ಲ್ಯೂರು ಯಾವ ಆಳದಲ್ಲಿ ಹೋಗುತ್ತದೆ, ಎಷ್ಟು ನಿಧಾನವಾಗಿ ಹೋಗುತ್ತದೆ ಎಂಬುದು ಬಣ್ಣಕ್ಕಿಂತ ಎಷ್ಟೋ ಹೆಚ್ಚು ಮುಖ್ಯ.

ಹಾಗಾದರೆ ವಸಂತದಲ್ಲಿ ಯಾಕೆ ಬಿದ್ದವು? ನೀರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ ಬಾಸ್ ದಡದ ತೆಳುನೀರಿನಲ್ಲಿ ಗೂಡು ಮಾಡಿ ಮೊಟ್ಟೆಯಿಡುತ್ತವೆ. ಗೂಡು ಕಾಯುವುದು ಗಂಡು. ಆ ದಿನಗಳಲ್ಲಿ ಅದು ಹಸಿವಿಗಿಂತ ಹೆಚ್ಚಾಗಿ ಕೋಪಕ್ಕೆ ಕಚ್ಚುತ್ತದೆ. ಗೂಡಿನ ಹತ್ತಿರ ಏನು ಸುಳಿದರೂ ಅದಕ್ಕೆ ಶತ್ರುವೇ. ನಿಮ್ಮ ಸ್ಪಿನ್ನರ್‌ಬೇಟಿಗೆ ಸಿಕ್ಕ ಯಶಸ್ಸಿನಲ್ಲಿ ಒಂದು ಪಾಲು ಆ ಕೋಪದ್ದು. (ಅಂಥ ಗಂಡನ್ನು ಹಿಡಿದು ಸ್ವಲ್ಪ ಹೊತ್ತು ಆಚೆ ಇಟ್ಟರೂ ಬ್ಲೂಗಿಲ್ ಮೀನುಗಳು ನುಗ್ಗಿ ಮೊಟ್ಟೆ ತಿಂದುಬಿಡುತ್ತವೆ. ಗೂಡಿನ ಮೇಲೆ ಕಾಣುವ ಮೀನನ್ನು ನಾನಂತೂ ಬಿಟ್ಟುಬಿಡುತ್ತೇನೆ.)

ಇನ್ನೊಂದು ಕಾರಣ ಕೊಳದ ಗಾತ್ರ. ನೂರಾರು ಎಕರೆಯ ಸರೋವರದಲ್ಲಿ ಇವತ್ತು ಲ್ಯೂರ್ ನೋಡಿದ ಮೀನಿಗೆ ನಾಳೆ ಅದೇ ಲ್ಯೂರು ಎದುರಾಗುವುದು ಅಪರೂಪ. ನಿಮ್ಮ ಕೊಳದಲ್ಲಿ ಪ್ರತಿ ಮೀನೂ ನಿಮ್ಮ ಸ್ಪಿನ್ನರ್‌ಬೇಟಿನ ಬಿಲ್ಲೆಯ ಮಿಂಚನ್ನು ಹಲವು ಸಲ ನೋಡಿಯಾಗಿದೆ. ಇಲಿನಾಯ್‌ನ ರಿಡ್ಜ್ ಲೇಕ್ ಎಂಬ ಸಣ್ಣ ಸರೋವರದಲ್ಲಿ 1970ರ ದಶಕದಿಂದ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಹಿಡಿದ ಪ್ರತಿ ಬಾಸ್‌ಗೂ ಗುರುತು ಹಾಕಿ ವಾಪಸ್ ಬಿಡುತ್ತಿದ್ದರು. ನಾಲ್ಕು ವರ್ಷ ಬಿಟ್ಟು ನೀರು ಖಾಲಿ ಮಾಡಿದಾಗ ಸಿಕ್ಕ 1,700ಕ್ಕೂ ಹೆಚ್ಚು ಮೀನುಗಳಲ್ಲಿ ಸುಮಾರು 200 ಒಮ್ಮೆಯೂ ಗಾಳಕ್ಕೆ ಬಿದ್ದಿರಲಿಲ್ಲ. ಕೆಲವು ಪದೇ ಪದೇ ಬಿದ್ದಿದ್ದವು. ಸುಲಭಕ್ಕೆ ಬೀಳುವವನ್ನೂ ಬೀಳದವನ್ನೂ ಬೇರೆ ಬೇರೆ ಮಾಡಿ ತಲೆಮಾರುಗಟ್ಟಲೆ ಮರಿ ಮಾಡಿಸಿ ನೋಡಿದರೆ, ಆ ಗುಣ ಮರಿಗಳಿಗೂ ಇಳಿದುಬಂದಿತ್ತು. ಆದ್ದರಿಂದ ನಿಮ್ಮ ಕೊಳದಲ್ಲಿ ಮೀನೇ ಇಲ್ಲ ಅಂತ ತಿಳಿಯಬೇಡಿ. ದುಡುಕುವ ಮೀನುಗಳ ಸರದಿ ಮುಗಿದಿದೆ, ಉಳಿದವು ಅನುಮಾನದವು.

ಮೂರನೆಯದು ಬೇಸಿಗೆಯ ನೀರು. 10 ಡಿಗ್ರಿ ನೀರು ಲೀಟರಿಗೆ 11 ಮಿಲಿಗ್ರಾಂನಷ್ಟು ಆಮ್ಲಜನಕ ಹಿಡಿದಿಡಬಲ್ಲದು, 30 ಡಿಗ್ರಿಗೆ ಬಂದರೆ ಏಳೂವರೆಯಷ್ಟೇ. ಪಾಚಿ ಮತ್ತು ಜಲಸಸ್ಯ ಹಗಲು ಆಮ್ಲಜನಕ ಬಿಡುತ್ತವೆ, ರಾತ್ರಿ ತಾವೇ ಬಳಸುತ್ತವೆ. ಹೀಗಾಗಿ ಗಿಡ ತುಂಬಿದ ಕೊಳದಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ ಹೊತ್ತು ಸೂರ್ಯೋದಯದ ಹಿಂದುಮುಂದು. ಬಾಸ್‌ಗೆ ಮುಂಜಾವವೇ ಶ್ರೇಷ್ಠ ಎಂಬ ಮಾತು ಸಾಮಾನ್ಯವಾಗಿ ಸರಿ. ಗಾಳಿಯೇ ಆಡದ ಸೆಕೆಯ ರಾತ್ರಿ ಕಳೆದ ಮೇಲೆ ನಿಮ್ಮಂಥ ಕೊಳದಲ್ಲಿ ಮಾತ್ರ ನಾನು ಸಂಜೆಯನ್ನೇ ಆರಿಸುತ್ತೇನೆ.

ದಡದಲ್ಲಿ ತಿರುಗಿ ಹೋಗುವುದಕ್ಕೆ ಇನ್ನೂ ಒಂದು ಸರಳ ಕಾರಣವಿರಬಹುದು, ನೀವು. ತಿಳಿನೀರಿನಲ್ಲಿ ಮೀನಿಗೆ ದಡದ ಮೇಲೆ ನಿಂತವರು ಕಾಣುತ್ತಾರೆ, ಹೆಜ್ಜೆಯ ಅದುರು ನೀರಿಗೂ ತಲುಪುತ್ತದೆ. ಸಾಲದ್ದಕ್ಕೆ ಲ್ಯೂರು ಹತ್ತಿರ ಬಂದ ಹಾಗೆ ನಾವು ರಾಡು ಎತ್ತುತ್ತೇವೆ, ಲ್ಯೂರು ಒಮ್ಮೆಲೇ ಮೇಲಕ್ಕೇಳುತ್ತದೆ. ದಡದಿಂದ ನಾಲ್ಕು ಹೆಜ್ಜೆ ಹಿಂದೆ ನಿಂತು, ಕೊಳದ ನಡುವಿಗೆ ಎಸೆಯುವ ಬದಲು ದಡದ ಗುಂಟ ಎಸೆಯಿರಿ. ಲ್ಯೂರು ಪೂರ್ತಿ ದಾರಿ ಮೀನಿರುವ ಜಾಗದಲ್ಲೇ ಸಾಗುತ್ತದೆ.

ಇನ್ನು ಡಬ್ಬಿ. ನಿಮ್ಮ ಕೊಳಕ್ಕೆ ನಾನು ಮೊದಲು ಕಟ್ಟುವುದು ನಾಲ್ಕೈದು ಇಂಚಿನ ಸ್ಟಿಕ್ ವರ್ಮ್. ಉಪ್ಪು ಬೆರೆಸಿದ ಮೆತ್ತನೆಯ ಪ್ಲಾಸ್ಟಿಕ್ ಹುಳು, ನೋಡಲು ಏನೂ ವಿಶೇಷವಿಲ್ಲ. ಸರಿಯಾಗಿ ನಡುವಿಗೆ ಕೊಕ್ಕೆ ಚುಚ್ಚಿ, ಬೇರೆ ತೂಕವೇ ಇಲ್ಲದೆ ಬಿದ್ದ ಮರದ ಪಕ್ಕಕ್ಕೆ ಎಸೆದು ಸುಮ್ಮನಿರಿ. ಇದಕ್ಕೆ ವ್ಯಾಕಿ ರಿಗ್ ಎನ್ನುತ್ತಾರೆ. ಎರಡೂ ತುದಿ ನಡುಗುತ್ತ ಹುಳು ಮೆಲ್ಲಗೆ ಇಳಿಯುತ್ತದೆ, ಕಚ್ಚುವುದು ಹೆಚ್ಚಾಗಿ ಆ ಇಳಿತದಲ್ಲೇ. ಕೈಗೆ ಜಗ್ಗಿದ್ದು ಗೊತ್ತಾಗಲಿ ಅಂತ ಕಾಯಬೇಡಿ, ಲೈನನ್ನೇ ನೋಡುತ್ತಿರಿ. ನೀರಿನ ಮೇಲಿನ ಲೈನ್ ಪಕ್ಕಕ್ಕೆ ಸರಿದರೆ, ಅಥವಾ ಮುಳುಗುವುದು ನಿಲ್ಲಬೇಕಾದ್ದಕ್ಕಿಂತ ಮೊದಲೇ ನಿಂತರೆ, ಹುಳು ಮೀನಿನ ಬಾಯಲ್ಲಿದೆ. ತಕ್ಷಣ ಬಿಗಿ ಮಾಡಿ. ತಡ ಮಾಡಿದರೆ ಬಾಸ್ ಕೊಕ್ಕೆಯನ್ನು ಗಂಟಲಿಗಿಳಿಸುತ್ತದೆ, ಈ ರಿಗ್ಗಿನ ದೊಡ್ಡ ಅಪಾಯ ಅದೇ. ಹಾಗಾದಾಗ ಕಿತ್ತು ತೆಗೆಯಲು ಹೋಗದೆ ಲೈನನ್ನು ಕೊಕ್ಕೆಯ ಹತ್ತಿರ ಕತ್ತರಿಸಿ ಬಿಡುವುದೇ ಮೀನಿಗೆ ಒಳ್ಳೆಯದು. ನಡುವಿಗೆ ಚುಚ್ಚಿದ ಹುಳು ಬೇಗ ಹರಿಯುತ್ತದೆ. ಒಂದು ಸಣ್ಣ ರಬ್ಬರ್ ಉಂಗುರ ತೊಡಿಸಿ ಅದರಡಿ ಕೊಕ್ಕೆ ತೂರಿಸಿದರೆ ಬಾಳಿಕೆ ಬರುತ್ತದೆ.

ಮರದ ಕೊಂಬೆಗಳ ಒಳಗೆ ಇಳಿಸಬೇಕೆಂದರೆ ಟೆಕ್ಸಾಸ್ ರಿಗ್. ಕೊಕ್ಕೆಯ ಮೊನೆಯನ್ನು ಹುಳುವಿನ ಮೈಯಲ್ಲೇ ಹುದುಗಿಸಿ, ಮುಂದೆ ಎರಡರಿಂದ ಮೂರೂವರೆ ಗ್ರಾಂನ ಗುಂಡಿನಾಕಾರದ ತೂಕ ಬಿಡುವುದು. ತೂಕ ಸೀಸದ್ದು ಬೇಡ, ಟಂಗ್‌ಸ್ಟನ್ ಇರಲಿ. ಕಳೆದುಹೋದ ಸೀಸವನ್ನು ನೀರುಹಕ್ಕಿಗಳು ನುಂಗಿ ಸಾಯುತ್ತವೆ ಎಂದೇ ಬ್ರಿಟನ್ 1987ರಲ್ಲಿ ಗಾಳದ ಬಹುಪಾಲು ಸೀಸದ ತೂಕಗಳನ್ನು ನಿಷೇಧಿಸಿತು. ತಳ ಚೊಕ್ಕಟವಾಗಿರುವ ಕಡೆ ಸಣ್ಣ ಅಣಬೆ ತಲೆಯ ಜಿಗ್ಗಿಗೆ (ತಲೆಯಲ್ಲೇ ತೂಕವಿರುವ ಕೊಕ್ಕೆಗೆ) ಎರಡೂವರೆ ಇಂಚಿನ ಹುಳು ಸಿಕ್ಕಿಸುವ ನೆಡ್ ರಿಗ್ ಅನುಮಾನದ ಮೀನಿಗೆ ಬಹಳ ಚೆನ್ನ, ಆದರೆ ಕೊಕ್ಕೆ ತೆರೆದಿರುವುದರಿಂದ ನಿಮ್ಮ ಮರದ ಬದಿಗೆ ಒಯ್ಯಬೇಡಿ. ಪಾಚಿಯ ಹಾಸಿನ ಮೇಲೆ ಟೊಳ್ಳು ಹೊಟ್ಟೆಯ ಕಪ್ಪೆ ಲ್ಯೂರ್ ಎಳೆಯುವ ಮಜವೇ ಬೇರೆ, ನೀರು ಸಿಡಿದು ಕಪ್ಪೆ ಮಾಯವಾಗುತ್ತದೆ. ನಿಮ್ಮ ಈಗಿನ ಹಗುರ ರಾಡಿನಲ್ಲಿ ಮಾತ್ರ ಅದನ್ನು ಮಾಡಬೇಡಿ. ಬಾಸ್ ಜೊಂಡಿನೊಳಗೆ ಧುಮುಕಿದರೆ ಎಂಟು ಪೌಂಡ್ ಎಳೆತವಷ್ಟೇ ತಡೆಯುವ ಲೈನ್ ತುಂಡಾಗಿ, ಬಾಯಲ್ಲಿ ಎರಡು ಕೊಕ್ಕೆಯ ಕಪ್ಪೆ ಹೊತ್ತ ಮೀನು ಒಳಗೇ ಉಳಿಯುತ್ತದೆ. ಅದಕ್ಕೆ 40–50 ಪೌಂಡಿನ ಹೆಣೆದ ಲೈನ್, ಗಟ್ಟಿ ರಾಡು ಬೇಕು.

ಸ್ಪಿನ್ನರ್‌ಬೇಟನ್ನು ಎಸೆದುಬಿಡಬೇಡಿ. ಮಳೆ ಬಂದು ನೀರು ಕದಡಿದಾಗ, ಗಾಳಿಗೆ ಅಲೆ ಎದ್ದಾಗ, ಕಣ್ಣಿಗಿಂತ ಮೈಯಿಂದ ಅದುರನ್ನು ಗ್ರಹಿಸಿ ಬೇಟೆಯಾಡುವ ಬಾಸ್‌ಗೆ ಅದೇ ಸರಿ.

ಒಂದು ಸಣ್ಣ ಎಚ್ಚರಿಕೆ. ಮೆತ್ತನೆಯ ಹುಳುಗಳೆಲ್ಲ ಒಂದೇ ಪ್ಲಾಸ್ಟಿಕ್ ಅಲ್ಲ. ಸಾಮಾನ್ಯ ಹುಳುವಿನ ಜೊತೆ ರಬ್ಬರಿನಂತೆ ಎಳೆದರೆ ಉದ್ದಕ್ಕೆ ಹಿಗ್ಗುವ ಜಾತಿಯ ಹುಳು ಸೇರಿಸಿಟ್ಟರೆ ಬಿಸಿಲಿಗೆ ಎರಡೂ ಕರಗಿ ಒಂದೇ ಮುದ್ದೆಯಾಗುತ್ತವೆ, ಕೆಲವು ಡಬ್ಬಿಗಳ ತಳವನ್ನೂ ತಿನ್ನುತ್ತವೆ. ಬಂದ ಚೀಲದಲ್ಲೇ ಇಡಿ. ಹರಿದ ಹುಳುವನ್ನು ಕೊಳಕ್ಕೆ ಎಸೆಯಬೇಡಿ, ಅದು ಕೊಳೆಯುವುದಿಲ್ಲ, ಮೀನಿನ ಹೊಟ್ಟೆ ಸೇರುತ್ತದೆ.

ಈಗ ರೀಲಿಗೆ ಬರೋಣ. ತುಕ್ಕು ಬಿಡಿಸುವ ಸ್ಪ್ರೇ ಅಂದರೆ ಬಹುಪಾಲು ದ್ರಾವಕ, ಉಳಿದದ್ದು ತೆಳು ಎಣ್ಣೆ. ಹೊಡೆದ ಕೂಡಲೇ ನುಣ್ಣಗಾಗುವುದು ನಿಜ, ಯಾಕೆಂದರೆ ಒಣಗಿ ಗಟ್ಟಿಯಾದ ಗ್ರೀಸ್ ಕರಗುತ್ತದೆ. ಕರಗಿದ ಗ್ರೀಸ್ ಅಲ್ಲಿ ನಿಲ್ಲುವುದಿಲ್ಲ, ಕೊಳೆಯನ್ನೂ ಹೊತ್ತುಕೊಂಡು ಒಳಗೊಳಗೆ ಹರಿಯುತ್ತದೆ. ಗೇರು ಬೋಳಾಗುತ್ತದೆ, ಗ್ರೀಸ್ ಹೋಗಬಾರದ ಕಡೆಗೆ ಹೋಗುತ್ತದೆ. ಹೋಗಬಾರದ ಆ ಜಾಗವೇ ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ಒನ್‌ವೇ ಕ್ಲಚ್. ಅದರಲ್ಲಿ ಸಣ್ಣ ಉಕ್ಕಿನ ರೋಲರುಗಳು ಒಂದು ದಿಕ್ಕಿನಲ್ಲಿ ಉರುಳಿ, ಇನ್ನೊಂದು ದಿಕ್ಕಿನಲ್ಲಿ ಸಿಕ್ಕಿಕೊಂಡು ಹಿಡಿಯುತ್ತವೆ. ಜಿಡ್ಡು ಮೆತ್ತಿದರೆ ಅವು ಸಿಕ್ಕಿಕೊಳ್ಳದೆ ಜಾರುತ್ತವೆ. ಹ್ಯಾಂಡಲ್ ಹಿಂದಕ್ಕೆ ತಿರುಗುವುದು ಅದರಿಂದಲೇ.

ರೀಲನ್ನು ಬಿಚ್ಚುವ ಮೊದಲು ಅದರ ಹೊಟ್ಟೆಯ ಕೆಳಗೊಮ್ಮೆ ನೋಡಿ. ಹಲವು ಮಾದರಿಗಳಲ್ಲಿ ಹಿಂದಕ್ಕೆ ತಿರುಗಲು ಬಿಡುವ ಪುಟ್ಟ ಸ್ವಿಚ್ ಇರುತ್ತದೆ. ಒರೆಸುವಾಗ ಅದು ಸರಿದಿರಬಹುದು. ಕ್ಲಚ್ ಕೆಟ್ಟಿದೆ ಎಂದು ನನ್ನಲ್ಲಿಗೆ ತಂದವರ ರೀಲಿನ ಸ್ವಿಚ್ಚನ್ನು ಬೆರಳಲ್ಲಿ ತಳ್ಳಿ ವಾಪಸ್ ಕೊಟ್ಟದ್ದೂ ಉಂಟು.

ಲೈನ್ ಸುರುಳಿಗಟ್ಟುವುದಕ್ಕೆ ಮೂಲ ಬಹುತೇಕ ಲೈನ್ ರೋಲರ್. ಲೈನನ್ನು ಸ್ಪೂಲಿಗೆ ಸುತ್ತುವ ಬೇಲ್ ತಂತಿಯ ಒಂದು ತುದಿಯಲ್ಲಿ, ಲೈನ್ ತೊಂಬತ್ತು ಡಿಗ್ರಿ ತಿರುಗಿ ಸ್ಪೂಲಿಗೆ ಹೋಗುವ ಕಡೆ ಇರುವ ಬೆರಳುಗುರಿನಷ್ಟು ಉರುಳೆ ಅದು. ಪಾಚಿ ತುಂಬಿದ ಕೊಳದಲ್ಲಿ ಒದ್ದೆ ಲೈನ್ ಹಸಿರು ಲೋಳೆಯನ್ನು ಹೊತ್ತು ತಂದು ಇದರ ಅಂಚಿನಲ್ಲೇ ಬಿಡುತ್ತದೆ. ಒಣಗಿದ ಲೋಳೆಗೆ ನುಣ್ಣನೆಯ ಮರಳು ಸೇರಿ ಉರುಳೆ ನಿಂತುಬಿಡುತ್ತದೆ. ಉರುಳೆ ನಿಂತರೆ ಲೈನ್ ಅದರ ಮೇಲೆ ಉಜ್ಜುತ್ತ, ತಿರುಚಿಕೊಳ್ಳುತ್ತ ಒಳಗೆ ಹೋಗುತ್ತದೆ. ಪರೀಕ್ಷೆ ಸುಲಭ. ಉರುಳೆಯ ಮೇಲೆ ಮಾರ್ಕರ್ ಪೆನ್ನಿನಿಂದ ಒಂದು ಚುಕ್ಕೆ ಇಡಿ. ಲೈನನ್ನು ಎರಡು ಬೆರಳಲ್ಲಿ ಹಗುರಾಗಿ ಬಿಗಿಹಿಡಿದು ಹ್ಯಾಂಡಲ್ ನಿಧಾನಕ್ಕೆ ತಿರುಗಿಸಿ. ಚುಕ್ಕೆ ಸುತ್ತಿ ಸುತ್ತಿ ಬಂದರೆ ಸರಿ, ಇದ್ದಲ್ಲೇ ನಿಂತರೆ ಅದೇ ನಿಮ್ಮ ರೋಗ. ಒಂದು ತಿರುಪು ಬಿಚ್ಚಿದರೆ ಉರುಳೆ ಕೈಗೆ ಬರುತ್ತದೆ. ಒಳಗಿನ ವಾಷರುಗಳ ಕ್ರಮ ಮೊದಲೇ ಫೋಟೋ ತೆಗೆದುಕೊಳ್ಳಿ. ಸೋಪುನೀರು, ಹಳೆಯ ಹಲ್ಲುಜ್ಜುವ ಬ್ರಷ್, ಚೆನ್ನಾಗಿ ಒಣಗಿದ ಮೇಲೆ ರೀಲಿನ ತೆಳು ಎಣ್ಣೆ ಒಂದೇ ಹನಿ. ಜೋಡಿಸುವ ಮುನ್ನ ಉರುಳೆಯ ಮೇಲೆ ಹತ್ತಿಯ ಎಳೆ ಆಡಿಸಿ. ಎಳೆ ಸಿಕ್ಕಿಕೊಂಡರೆ ಉರುಳೆಯಲ್ಲಿ ಗೀರು ಬಿದ್ದಿದೆ ಅಂತ ಅರ್ಥ, ಬದಲಿಸಿ.

ಈಗಾಗಲೇ ತಿರುಚಿಕೊಂಡ ಲೈನ್ ಇದರಿಂದ ನೇರವಾಗುವುದಿಲ್ಲ. ಲ್ಯೂರ್ ಬಿಚ್ಚಿ, ಬರೀ ಲೈನನ್ನು ಬಯಲಿನ ಹುಲ್ಲಿನ ಮೇಲೆ ಉದ್ದಕ್ಕೂ ಬಿಟ್ಟು, ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿಕೊಳ್ಳಿ. ಒಂದು ವರ್ಷ ದಾಟಿದ ನೈಲಾನ್ ಲೈನಾದರೆ ಆ ಶ್ರಮವೂ ಬೇಡ, ಬದಲಿಸಿ. ಸ್ಪೂಲಿನ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೇ ನಿಲ್ಲಿಸಿ, ಅಂಚಿನವರೆಗೆ ತುಂಬಿದರೆ ಹಗುರ ಲ್ಯೂರ್ ಎಸೆದಾಗ ಲೈನ್ ಗೊಂಚಲಾಗಿ ಹೊರಬೀಳುತ್ತದೆ. ನಿಮಗೆ ನನ್ನ ಆಯ್ಕೆ 10 ಪೌಂಡಿನ ತೆಳು ಹೆಣೆದ ಲೈನ್, ಅದರ ತುದಿಗೆ ಒಂದು ಮಾರು ಎಂಟು ಪೌಂಡಿನ ಫ್ಲೋರೊಕಾರ್ಬನ್ ಲೈನ್. ಹೆಣೆದ ಲೈನ್ ನುಣುಪು ಸ್ಪೂಲಿನ ಮೇಲೆ ಜಾರುತ್ತದೆ, ಆದ್ದರಿಂದ ಅಡಿಗೆ ಕೆಲವು ಸುತ್ತು ನೈಲಾನ್ ಇರಲಿ. ಇನ್ನೊಂದು ಅಭ್ಯಾಸ: ಎಸೆದ ಮೇಲೆ ಹ್ಯಾಂಡಲ್ ತಿರುಗಿಸಿ ಬೇಲ್ ಮುಚ್ಚುವ ಬದಲು ಕೈಯಿಂದಲೇ ಮುಚ್ಚಿ, ಲೈನನ್ನು ಒಮ್ಮೆ ಜಗ್ಗಿ. ಅರ್ಧ ಗಂಟುಗಳು ಅಲ್ಲೇ ತಪ್ಪುತ್ತವೆ.

ಗರಗರ ಶಬ್ದ ಎಲ್ಲಿಯದು ಅಂತ ಕಂಡುಹಿಡಿಯಲು ಸ್ಪೂಲ್ ತೆಗೆದು ಹ್ಯಾಂಡಲ್ ತಿರುಗಿಸಿ. ಶಬ್ದ ನಿಂತರೆ ತೊಂದರೆ ಸ್ಪೂಲ್ ಅಥವಾ ರೋಲರ್ ಕಡೆಯದು. ಹಾಗೇ ಇದ್ದರೆ ಒಳಗಿನ ಗೇರು ಇಲ್ಲವೇ ಬೇರಿಂಗ್. ಸ್ಪ್ರೇ ಹೊಡೆದ ರೀಲಿನಲ್ಲಿ ಇದು ಹೆಚ್ಚಾಗಿ ಗ್ರೀಸಿಲ್ಲದ ಗೇರಿನ ಸದ್ದು.

ಇಲ್ಲಿ ನಿಮ್ಮ ಮುಂದೆ ಮೂರು ದಾರಿ. ಪಕ್ಕದ ಮುಚ್ಚಳ ಬಿಚ್ಚಿ ನೀವೇ ಸ್ವಚ್ಛ ಮಾಡಬಹುದು. ಹಳೆಯ ಜಿಡ್ಡನ್ನು ಒರೆಸಿ ತೆಗೆದು, ಗೇರಿನ ಹಲ್ಲಿಗೆ ರೀಲ್ ಗ್ರೀಸ್ ತೆಳುವಾಗಿ ಸವರಿ, ಬೇರಿಂಗುಗಳಿಗೆ ಎಣ್ಣೆ ಒಂದೊಂದು ಹನಿ. ಅಡುಗೆ ಎಣ್ಣೆ ಖಂಡಿತ ಬೇಡ, ಅದು ಕಾಲಕ್ರಮೇಣ ಅಂಟಾಗುತ್ತದೆ. ಕ್ಲಚ್ಚನ್ನು ಬಿಡಿಸದೆ ಇಡಿಯಾಗಿ ಹೊರತೆಗೆದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿ, ಬಿಡಿಸಿದರೆ ಒಳಗಿನ ಸ್ಪ್ರಿಂಗುಗಳು ಚಿಮ್ಮಿ ಹೋಗುತ್ತವೆ, ಹುಡುಕಿದರೂ ಸಿಗುವುದಿಲ್ಲ. ಎರಡನೆಯ ದಾರಿ, ರೋಲರ್ ನೀವು ನೋಡಿಕೊಂಡು ಒಳಗಿನದನ್ನು ರಿಪೇರಿಯವರಿಗೆ ಕೊಡುವುದು. ಸಣ್ಣ ತಿರುಪುಗಳೊಂದಿಗೆ ತಾಳ್ಮೆ ಇಲ್ಲದವರಿಗೆ ನಾನು ಹೇಳುವುದು ಇದನ್ನೇ. ಮೂರನೆಯದು ಹೊಸ ರೀಲು. ಗ್ರೀಸ್ ಹಾಕಿದ ಮೇಲೂ ಹ್ಯಾಂಡಲ್ ತಿರುಗಿಸುವಾಗ ಒಂದೇ ಜಾಗದಲ್ಲಿ ಪ್ರತಿ ಸುತ್ತಿಗೂ ಕಲ್ಲು ಸಿಕ್ಕಂತಾದರೆ ಹಲ್ಲು ಸವೆದಿದೆ, ಆಗ ಮಾತ್ರ ಅದರ ಯೋಚನೆ ಮಾಡಿ.

ಬೇಟ್‌ಕಾಸ್ಟರ್ ಬಗ್ಗೆ ನನ್ನ ಉತ್ತರ ಸದ್ಯಕ್ಕೆ ಬೇಡ. ಅದು ಭಾರದ ಲ್ಯೂರು, ದಪ್ಪ ಲೈನಿನ ಯಂತ್ರ. ಹಗುರ ಲ್ಯೂರ್ ಎಸೆದಾಗ ಲ್ಯೂರಿಗಿಂತ ಸ್ಪೂಲ್ ವೇಗವಾಗಿ ತಿರುಗಿ ಲೈನ್ ಹಕ್ಕಿಗೂಡಿನಂತೆ ಸಿಕ್ಕಾಗುತ್ತದೆ. ಮುಂದೆ ಕಪ್ಪೆ ಲ್ಯೂರಿನ ಹುಚ್ಚು ಹಿಡಿದರೆ ಆಗ ಕೊಳ್ಳಿ. ಕೊಂಡ ಮೇಲೆ ಲೈನನ್ನು ಎಡಬಲ ಹಂಚುವ ಲೆವೆಲ್‌ವೈಂಡ್‌ನ ತಿರುಪುಗಂಬಿಯನ್ನು ಪ್ರತಿ ಸಲ ಒರೆಸಬೇಕಾಗುತ್ತದೆ, ನಿಮ್ಮ ಪಾಚಿಯೆಲ್ಲ ಕೂರುವುದು ಅಲ್ಲೇ.

ದಿನನಿತ್ಯದ ಆರೈಕೆ ಹೆಚ್ಚೇನಿಲ್ಲ. ಮನೆಗೆ ಬಂದ ಮೇಲೆ ಡ್ರ್ಯಾಗ್ (ಮೀನು ಜಗ್ಗಿದಾಗ ಲೈನ್ ಎಷ್ಟು ಬಿಗಿಗೆ ಬಿಡಬೇಕೆಂದು ಹೊಂದಿಸುವ ತಡೆ) ಬಿಗಿ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಅಥವಾ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಪೈಪಿನಿಂದ ಜೋರಾಗಿ ನೀರು ಹಾಯಿಸಿದರೆ ಹೊರಗಿನ ಮರಳನ್ನು ನೀವೇ ಒಳಗೆ ತಳ್ಳಿದಂತೆ. ಬಕೆಟ್ಟಿನಲ್ಲಿ ಮುಳುಗಿಸುವುದೂ ಬೇಡ. ನೆರಳಲ್ಲಿ ಒಣಗಿದ ಮೇಲೆ ಡ್ರ್ಯಾಗ್ ಪೂರ್ತಿ ಸಡಿಲಿಸಿ ಎತ್ತಿಡಿ, ಬಿಗಿಯಾಗಿಯೇ ಬಿಟ್ಟರೆ ಒಳಗಿನ ಫೆಲ್ಟ್ ವಾಷರುಗಳು ಅಪ್ಪಚ್ಚಿಯಾಗುತ್ತವೆ. ನಿಮ್ಮ ಸ್ಪ್ರೇ ಆ ವಾಷರುಗಳನ್ನೂ ಮುಟ್ಟಿರಬಹುದು. ಲೈನ್ ಎಳೆದಾಗ ಒಂದೇ ಸಮನೆ ಬರದೆ ಜಗ್ಗಿ ಜಗ್ಗಿ ಬಂದರೆ ಅವನ್ನೂ ಸ್ವಚ್ಛ ಮಾಡಿ ಡ್ರ್ಯಾಗ್ ಗ್ರೀಸ್ ಹಚ್ಚಬೇಕು. ಮತ್ತೆ ಕೊಳಕ್ಕೆ ಹೋದಾಗ ಡ್ರ್ಯಾಗನ್ನು ಅಂದಾಜಿಗೆ ಬಿಗಿ ಮಾಡದೆ ಲೈನಿನ ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. ಎಂಟು ಪೌಂಡ್ ಲೈನಿಗೆ ಎರಡರಿಂದ ಎರಡೂವರೆ ಪೌಂಡಿಗೆ ಲೈನ್ ಬಿಡಬೇಕು. ತೀರಾ ಸಡಿಲವಿದ್ದರೆ ಮೀನು ಬಹಳ ಹೊತ್ತು ಹೋರಾಡಿ ಸೋಲುತ್ತದೆ, ಆಮ್ಲಜನಕ ಕಡಿಮೆಯಿರುವ ಬೇಸಿಗೆಯ ನೀರಿನಲ್ಲಿ ಅಂಥ ಮೀನನ್ನು ವಾಪಸ್ ಬಿಟ್ಟರೂ ಚೇತರಿಸಿಕೊಳ್ಳುವುದು ಕಷ್ಟ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ಕೊಕ್ಕೆ ತೆಗೆಯುವಾಗ ಸಾಧ್ಯವಾದಷ್ಟು ನೀರಲ್ಲೇ ಇರಲಿ.